ಪಹಣಿಯ ಕೀಲಿಕೈ ಯಾರ ಕೈಯಲ್ಲಿದೆ?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯಿಂದ ಹೋಗಿ ಡಾಕ್ಟರ್ ಆದವರ, ಪೊಲೀಸ್ ಆದವರ, ಮಾಸ್ತರಾದವರ ಕೆಲಸ ಏನೆಂದು ಊರಿಗೆಲ್ಲ ಗೊತ್ತು. ನನ್ನನ್ನು ಮಾತ್ರ ‘ಬೆಂಗಳೂರಿನಲ್ಲಿ ಏನು ಮಾಡ್ತೀಯಪ್ಪಾ?’ ಎಂದು ಕೇಳುತ್ತೀರಿ. ಕಂಪ್ಯೂಟರಿನೊಳಗಿನ ದಫ್ತರ ಕಾಯುವುದು ನನ್ನ ಕೆಲಸ. ಆ ದಫ್ತರಕ್ಕೆ ಡೇಟಾಬೇಸ್ ಎನ್ನುತ್ತಾರೆ. ಅದರ ಒಂದು ಅಪಾಯವನ್ನು ನಿಮಗೆ ತಿಳಿಸಬೇಕೆಂದು ಬಂದಿದ್ದೇನೆ. ಯಾಕೆಂದರೆ ನಿಮ್ಮ ಹೊಲವೂ ಈಗ ಅಂಥದೇ ಒಂದು ದಫ್ತರದಲ್ಲಿದೆ.

ನಿಜಾಮರ ಕಾಲದಲ್ಲಿ ನಮ್ಮ ಭಾಗದ ಹೊಲದ ಲೆಕ್ಕ ಪಟವಾರಿಯ ಕೈಯಲ್ಲಿತ್ತು. ಆಮೇಲೆ ಗ್ರಾಮ ಲೆಕ್ಕಿಗರ ಚೀಲಕ್ಕೆ ಬಂತು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದು, ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರ್ ಸೇರಿದವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ತಾಲೂಕು ಕಚೇರಿಗಳಲ್ಲಿ ಕಿಟಕಿಯ ಮುಂದೆ ಪಾಳಿ ನಿಂತು, 15 ರೂಪಾಯಿ ಕೊಟ್ಟು ಪಹಣಿ ತಂದದ್ದು ಹಿರಿಯರಿಗೆ ನೆನಪಿರಬೇಕು. ಗಂಗಾವತಿಯ ಭತ್ತದ ಗದ್ದೆಯಾಗಲಿ, ಕುಷ್ಟಗಿ, ಯಲಬುರ್ಗಾದ ಮಳೆ ನಂಬಿದ ಹೊಲವಾಗಲಿ, ಬ್ಯಾಂಕಿನ ಸಾಲ, ಬೆಳೆ ವಿಮೆ, ಬರ ಪರಿಹಾರ, ಅಣ್ಣತಮ್ಮ ಅಕ್ಕತಂಗಿಯರ ಪಾಲು ಎಲ್ಲಕ್ಕೂ ಆ ಒಂದು ಹಾಳೆಯೇ ಆಧಾರ.

ಹಾಗಾದರೆ ಆ ಹಾಳೆಯನ್ನು ತಿದ್ದುವ ಅಧಿಕಾರ ಯಾರಿಗಿದೆ? ಒಳ್ಳೆಯ ವ್ಯವಸ್ಥೆಯಲ್ಲಿ ಎಲ್ಲರಿಗೂ ಒಂದೇ ಕೀಲಿಕೈ ಕೊಡುವುದಿಲ್ಲ. ಒಬ್ಬರು ಓದಬಹುದು, ಇನ್ನೊಬ್ಬರು ಬರೆಯಬಹುದು, ಮತ್ತೊಬ್ಬರು ಮಂಜೂರು ಮಾಡಬಹುದು. ಭೂಮಿಯಲ್ಲಿ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕೆಂದು ಇಟ್ಟದ್ದು ಇದೇ ಕಾರಣಕ್ಕೆ. ಯಾರು ಏನು ಮಾಡಿದರು ಎಂಬುದು ಹೆಸರಿನ ಸಮೇತ ದಾಖಲಾಗಬೇಕು.

ಆದರೆ ಸಣ್ಣ ಕೀಲಿಕೈ ಇದ್ದವನು ದೊಡ್ಡ ಕೀಲಿಕೈ ಗಿಟ್ಟಿಸಿಕೊಂಡರೆ? ನಮ್ಮ ವೃತ್ತಿಯಲ್ಲಿ ಇದನ್ನು ಪ್ರಿವಿಲೇಜ್ ಎಸ್ಕಲೇಷನ್ ಎನ್ನುತ್ತೇವೆ. ಕನ್ನಡದಲ್ಲಿ ‘ಇಲ್ಲದ ಅಧಿಕಾರಕ್ಕೆ ಏರುವುದು’ ಎನ್ನಬಹುದು. ಇಂಥದ್ದು ಭೂಮಿಯಲ್ಲಿ ಆಗಿದೆ ಎಂದು ನಾನು ಹೇಳುತ್ತಿಲ್ಲ. ಬೇರೊಂದು ಕಡೆ ಸಿಕ್ಕ ಲೋಪವನ್ನು ಹೇಳುತ್ತೇನೆ.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶವಿದೆ. ಪುಕ್ಕಟೆ ಸಿಗುತ್ತದೆ, ಜಗತ್ತಿನ ತುಂಬ ಬಳಕೆಯಲ್ಲಿದೆ. 2018ರ ಮಾರ್ಚ್ 1ರಂದು ಅದನ್ನು ತಯಾರಿಸುವವರೇ ಒಂದು ಎಚ್ಚರಿಕೆ ಹೊರಡಿಸಿದರು. ಅದನ್ನು ನಮ್ಮ ಶಾಲೆಯ ಲೆಕ್ಕದಲ್ಲಿ ಹೇಳುತ್ತೇನೆ. ಸ್ಟಾಫ್ ರೂಮಿನಲ್ಲಿ ಒಂದು ಮೇಜು ಇದೆ ಎಂದುಕೊಳ್ಳಿ. ಅದರ ಮೇಲೆ ಯಾರು ಬೇಕಾದರೂ ಏನು ಬೇಕಾದರೂ ಇಡಬಹುದು. ಹೆಡ್‌ಮಾಸ್ತರು ದಿನವೂ ‘ರಿಜಿಸ್ಟರ್ ತಗೊಂಡು ಬಾ’ ಎನ್ನುತ್ತಾರೆ. ಯಾವ ಕಪಾಟಿನದು ಎಂದು ಹೇಳುವುದಿಲ್ಲ. ಒಬ್ಬ ಅದೇ ಹೆಸರಿನ ಇನ್ನೊಂದು ರಿಜಿಸ್ಟರ್ ಮಾಡಿ ಮೇಜಿನ ಮೇಲಿಡುತ್ತಾನೆ. ಅದರೊಳಗೆ ತನ್ನ ಜನ್ಮ ದಿನಾಂಕ ಬದಲಿಸುವ ಆದೇಶ ಬರೆದಿರುತ್ತಾನೆ. ಜವಾನ ಕೈಗೆ ಸಿಕ್ಕದ್ದನ್ನು ತರುತ್ತಾನೆ, ಹೆಡ್‌ಮಾಸ್ತರು ಸಹಿ ಹಾಕುತ್ತಾರೆ. ಕಪಾಟು ಯಾರೂ ಒಡೆದಿಲ್ಲ. ಸಹಿ ಖೋಟಾ ಅಲ್ಲ. ಆದರೂ ಕೆಲಸ ಆಗಿಹೋಯಿತು.

ಪೋಸ್ಟ್‌ಗ್ರೆಸ್‌ನಲ್ಲಿ ‘ಪಬ್ಲಿಕ್’ ಎಂಬ ಸಾಮಾನ್ಯ ಜಾಗ ಆ ಮೇಜಿನಂತೆ ಇತ್ತು. ಒಳಗೆ ಬರಲು ಅನುಮತಿ ಇದ್ದ ಯಾರೇ ಆಗಲಿ, ಅಲ್ಲಿ ಪರಿಚಿತ ಹೆಸರಿನ ಸಣ್ಣ ಪ್ರೋಗ್ರಾಂ ಇಡಬಹುದಿತ್ತು. ಮುಖ್ಯ ಅಧಿಕಾರಿ ಪೂರ್ತಿ ವಿಳಾಸ ಹೇಳದೆ ಬರೀ ಆ ಹೆಸರು ಕರೆದರೆ, ಸಣ್ಣವನ ಪ್ರೋಗ್ರಾಂ ದೊಡ್ಡವರ ಅಧಿಕಾರದಲ್ಲಿ ಓಡಿಬಿಡುತ್ತಿತ್ತು. ‘ಆ ಮೇಜಿನ ಮೇಲೆ ಇಡುವ ಹಕ್ಕನ್ನು ಕಿತ್ತುಹಾಕಿ’ ಎಂದು ತಯಾರಕರು ಹೇಳಿದರು. ಆದರೆ ಆ ಹಕ್ಕು ಮೊದಲಿನಿಂದಲೇ ಇಲ್ಲದ ಹೊಸ ಆವೃತ್ತಿ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ನಡುವಿನ ನಾಲ್ಕೂವರೆ ವರ್ಷ ಆ ಬಾಗಿಲನ್ನು ಆಯಾ ದಫ್ತರ ಕಾಯುವವರೇ ಕೈಯಾರೆ ಮುಚ್ಚಬೇಕಿತ್ತು. ಹಳೆಯ ದಫ್ತರವನ್ನು ಹಾಗೆಯೇ ಹೊಸ ಆವೃತ್ತಿಗೆ ತಂದರೆ ಹಳೆಯ ಹಕ್ಕೂ ಜೊತೆಗೇ ಬರುತ್ತದೆ. ಹಾಗಾಗಿ ಹೊಸದು ಹಾಕಿಸಿದ್ದೇವೆ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಇದೆಲ್ಲ ದೂರದ ಮಾತು ಎನಿಸಬಹುದು. ಕಂಪ್ಯೂಟರಿನ ದಾಖಲೆ ಅನ್ಯರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯವೇ ಕಂಡಿದೆ. 2019ರಲ್ಲಿ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೆ ಕನ್ನ ಬಿತ್ತು. ಟೆಂಡರ್ ಹಾಕಿದವರಿಗೆ ವಾಪಸ್ ಹೋಗಬೇಕಿದ್ದ ಠೇವಣಿಯಲ್ಲಿ ಸುಮಾರು 11.5 ಕೋಟಿ ರೂಪಾಯಿ ಬೇರೆ ಖಾತೆಗಳ ಪಾಲಾಗಿ, ಸಿಐಡಿ ತನಿಖೆಯವರೆಗೆ ಹೋಯಿತು. ಅಲ್ಲಿ ಒಳಹೊಕ್ಕ ದಾರಿ ಬೇರೆ ಇರಬಹುದು, ಹೋದದ್ದು ಮಾತ್ರ ನಿಜವಾದ ಹಣ.

ನಾವು ಮಾಡಬೇಕಾದದ್ದು ಏನು? ಕಚೇರಿಗಳಲ್ಲಿ ಇರುವ ನನ್ನ ಗೆಳೆಯರಿಗೆ ಮೊದಲು ಹೇಳುತ್ತೇನೆ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡಿ. ವರ್ಗವಾಗಿ ಹೋದವರ ಲಾಗಿನ್ ಅಂದೇ ತೆಗೆಸಿ. ತಂತ್ರಾಂಶದ ರಿಪೇರಿ ಬಂದಾಗ ‘ಆಮೇಲೆ ನೋಡೋಣ’ ಎನ್ನಬೇಡಿ.

ಗುರುಗಳಲ್ಲಿ ಒಂದು ವಿನಂತಿ. ಮಕ್ಕಳ ಹೆಸರು, ಜನ್ಮ ದಿನಾಂಕ ಎಲ್ಲ ಈಗ ಸ್ಯಾಟ್ಸ್‌ನಲ್ಲಿದೆ. ಕೆಲಸ ಬೇಗ ಆಗಲಿ ಎಂದು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಸೈಬರ್ ಸೆಂಟರಿಗೆ ಕೊಡುವ ರೂಢಿ ಕೆಲವು ಕಡೆ ಇರಬಹುದು. ಅಲ್ಲಿ ಮೋಸಗಾರನಿಗೆ ಯಾವ ಲೋಪವೂ ಬೇಕಾಗಿಲ್ಲ. ಕೀಲಿಕೈ ನಾವೇ ಕೊಟ್ಟಿರುತ್ತೇವೆ.

ಊರಿನ ಹಿರಿಯರೇ, ತಾಯಂದಿರೇ, ‘ಕಂಪ್ಯೂಟರಿನಲ್ಲಿದೆ, ಸರಿಯೇ ಇರುತ್ತೆ’ ಎಂದು ಸುಮ್ಮನಿರಬೇಡಿ. ಕಂಪ್ಯೂಟರ್ ಸತ್ಯ ಹೇಳುವುದಿಲ್ಲ, ಕೊನೆಗೆ ಬರೆದವನು ಬರೆದದ್ದನ್ನು ಹೇಳುತ್ತದೆ. ಸಾಲ ಬೇಕಾದಾಗ ಮಾತ್ರವಲ್ಲ, ವರ್ಷಕ್ಕೊಮ್ಮೆ ಪಹಣಿ ತೆಗೆಸಿ ಹೆಸರು, ಸರ್ವೆ ನಂಬರ್, ಎಕರೆ ಗುಂಟೆ, ಸಾಲದ ಕಲಂ ನೋಡಿ. ಓದಲು ಬಾರದಿದ್ದರೆ ಈ ಶಾಲೆಯ ಮಕ್ಕಳಿಂದ ಓದಿಸಿ. ಮ್ಯುಟೇಶನ್ ನೋಟಿಸ್ ಬಂದರೆ ಮಾಡಿನ ಸಂದಿಗೆ ಸಿಕ್ಕಿಸಿಡಬೇಡಿ. ತಕರಾರು ಹೇಳಲು ಕಾನೂನು ಕೊಡುವ ಕಾಲ ಅದು.

ಮಕ್ಕಳೇ, ನಿಮ್ಮಲ್ಲಿ ಕೆಲವರು ನಾಳೆ ಇಂಥ ದಫ್ತರ ಕಾಯಲು ಬರಬೇಕು. ಅದಕ್ಕೆ ಬೇಕಾದದ್ದು ಗಣಿತ, ಸ್ವಲ್ಪ ಇಂಗ್ಲಿಷ್, ಮತ್ತು ‘ಇದನ್ನು ಯಾರು ತಿದ್ದಬಹುದು?’ ಎಂದು ಕೇಳುವ ಬುದ್ಧಿ. ಮೊದಲ ಎರಡನ್ನು ನಿಮ್ಮ ಗುರುಗಳು ಕಲಿಸುತ್ತಾರೆ. ಮೂರನೆಯದನ್ನು ಇಂದೇ ಮನೆಗೆ ಹೋಗಿ ಪಹಣಿ ಹಿಡಿದು ಶುರು ಮಾಡಿ.