ಉದ್ರಿ ಪುಸ್ತಕದಲ್ಲಿರುವ ದೂರು



ನಿವೃತ್ತ ಮೇಷ್ಟ್ರ ಕೈಗೆ ಮೈಕು ಕೊಡುವುದು ಅಪಾಯ ಎಂದು ಗೊತ್ತಿದ್ದೂ ಈ ವಿಚಾರ ಸಂಕಿರಣದ ಉದ್ಘಾಟನೆಗೆ ನನ್ನನ್ನು ಕರೆದಿದ್ದೀರಿ. ಸಂಚಾಲಕರು ನನ್ನ ಹಳೆಯ ವಿದ್ಯಾರ್ಥಿ. ಗಡಿಯಾರ ತೋರಿಸುವ ಧೈರ್ಯ ಅವರಿಗೆ ಬರಲಾರದು ಎಂಬ ಭರವಸೆಯ ಮೇಲೆ ಶುರು ಮಾಡುತ್ತೇನೆ.

‘ಗ್ರಾಹಕರ ಟೀಕೆ ಮತ್ತು ಸಣ್ಣ ವ್ಯಾಪಾರಿಯ ವೈಶಿಷ್ಟ್ಯ’ ಎಂದು ವಿಷಯ ಇಟ್ಟಿದ್ದೀರಿ. ಒಳ್ಳೆಯ ವಿಷಯ. ಆದರೆ ವಾಣಿಜ್ಯಶಾಸ್ತ್ರ ಈ ವಿಷಯದಲ್ಲಿ ಬಹಳ ವರ್ಷದಿಂದ ದಾರಿ ತಪ್ಪಿ ನಡೆದಿದೆ ಎಂಬುದು ನನ್ನ ಹಳೆಯ ತಕರಾರು. ಬಾಯಿ ತೆರೆದು ದೂರಿದ ಗ್ರಾಹಕನನ್ನು ಮಾತ್ರ ನಾವು ಗ್ರಾಹಕ ಎಂದುಕೊಂಡೆವು. 1988ರಲ್ಲಿ ಪರಶುರಾಮನ್, ಝೈತಾಮಲ್, ಬೆರಿ ಎಂಬ ಮೂವರು ವಿದ್ವಾಂಸರು ಸೇವೆಯ ಗುಣಮಟ್ಟ ಅಳೆಯಲು 22 ಅಂಶಗಳ ಪ್ರಶ್ನಾವಳಿ ಕೊಟ್ಟರು. ಅಮೆರಿಕದ ಬ್ಯಾಂಕು, ಕ್ರೆಡಿಟ್ ಕಾರ್ಡ್, ಟ್ರಂಕ್ ಕಾಲ್ ಕಂಪನಿಗಳ ಗ್ರಾಹಕರನ್ನು ಕೇಳಿ ಮಾಡಿದ್ದು ಅದು. ನಾವು ಅದನ್ನೇ ಕನ್ನಡ ಮಾಡಿ ಸಂತೆಪೇಟೆಗೆ ಒಯ್ದೆವು. ಅದರ ಮಿತಿಗಳ ಬಗ್ಗೆ ದಾವಣಗೆರೆಯ ಗೆಳೆಯರು ಎರಡನೇ ಗೋಷ್ಠಿಯಲ್ಲಿ ಮಾತಾಡಲಿದ್ದಾರೆ. ಅವರ ಪ್ರಬಂಧದ ರುಚಿಯನ್ನು ನಾನು ಮೊದಲೇ ಕೆಡಿಸುವುದಿಲ್ಲ. ದೂರು ಪರಿಹಾರದ ಸಾಹಿತ್ಯವನ್ನೆಲ್ಲ ಅರೆದು ಕುಡಿದಿರುವ ಶಿವಮೊಗ್ಗದ ಮೇಡಂ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಆ ಭಾಗವನ್ನು ಅವರಿಗೇ ಬಿಟ್ಟೆ.

ಒಬ್ಬರನ್ನು ಮಾತ್ರ ಬಿಡಲಾರೆ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಒಂದು ಸಣ್ಣ ಪುಸ್ತಕ ಬರೆದರು. ನೈಜೀರಿಯಾದ ರೈಲ್ವೆಗೆ ಲಾರಿಗಳ ಪೈಪೋಟಿ ಇದ್ದರೂ ರೈಲು ಯಾಕೆ ಸುಧಾರಿಸಲಿಲ್ಲ ಎಂಬುದು ಅವರನ್ನು ಕಾಡಿದ ಪ್ರಶ್ನೆಗಳಲ್ಲಿ ಒಂದು. ಗಲಾಟೆ ಮಾಡಬಲ್ಲ ಗಿರಾಕಿಗಳೆಲ್ಲ ಮೊದಲೇ ಲಾರಿ ಹಿಡಿದು ಹೋದರು, ಉಳಿದವರು ಸುಮ್ಮನಿದ್ದರು, ರೈಲ್ವೆಯನ್ನು ಎಚ್ಚರಿಸುವವರೇ ಇಲ್ಲವಾದರು ಎಂದರು. ಬೇಸರಗೊಂಡ ಗ್ರಾಹಕನ ಮುಂದೆ ಎರಡು ದಾರಿ: ಬಿಟ್ಟು ಹೋಗುವುದು, ಇಲ್ಲವೇ ಇದ್ದು ಮಾತಾಡುವುದು.

ನಮ್ಮ ಹೊನ್ನಾಳಿಗೆ ಇದನ್ನು ಹೊಂದಿಸಿ ನೋಡಿ. 1997ರವರೆಗೆ ನಾವು ಶಿವಮೊಗ್ಗ ಜಿಲ್ಲೆಯವರು, ಆಮೇಲೆ ದಾವಣಗೆರೆಯವರು. ಇವತ್ತಿಗೂ ಮದುವೆ ಜವಳಿಗೆ ಅರ್ಧ ಊರು ಶಿವಮೊಗ್ಗದ ಬಸ್ಸು ಹತ್ತಿದರೆ ಅರ್ಧ ಊರು ದಾವಣಗೆರೆಯ ಬಸ್ಸು ಹತ್ತುತ್ತದೆ. ಕೈಯಲ್ಲಿ ನಗದಿದ್ದವನು ಬಿಟ್ಟು ಹೋಗಬಲ್ಲ. ಉದ್ರಿ ಇಟ್ಟವನು ಎಲ್ಲಿ ಹೋಗುತ್ತಾನೆ? ಮುಂಗಾರಿನಲ್ಲಿ ಬೀಜ, ಗೊಬ್ಬರ, ಔಷಧಿ ಒಯ್ದು ‘ಸುಗ್ಗಿಗೆ ಕೊಡ್ತೀನಿ ಸಾವ್ಕಾರ್ರೆ’ ಎಂದವನು ಬಿಟ್ಟೂ ಹೋಗಲಾರ, ಬಾಯಿ ತೆರೆದು ಬೈಯಲೂ ಆರ. ಹಾಗಾದರೆ ಅವನಿಗೆ ಟೀಕೆಯೇ ಇಲ್ಲವೇ?

ಇದೆ. ಅದು ಅಂಗಡಿಯ ಖಾತೆ ಪುಸ್ತಕದಲ್ಲಿದೆ. ಅಲ್ಲಿ ನಾವು ಯಾವತ್ತೂ ಹುಡುಕಲಿಲ್ಲ.

ನ್ಯಾಮತಿ ಕಡೆ ಒಬ್ಬ ಹಿರಿಯ ಕಿರಾಣಿ ವ್ಯಾಪಾರಿ ಇದ್ದರು. ದೀಪಾವಳಿಗೆ ಲಕ್ಷ್ಮೀಪೂಜೆ ಮಾಡಿ ಹೊಸ ಖಾತೆ ತೆರೆಯುವ ಮುಂಚೆ ಹಳೆಯ ಪುಸ್ತಕವನ್ನು ಮಗನ ಎದುರಿಗೆ ಓದಿಸುತ್ತಿದ್ದರು. ಒಮ್ಮೆ ನಾನೂ ಕೂತಿದ್ದೆ. ಒಬ್ಬ ಗಿರಾಕಿ ಸಕ್ಕರೆ, ಎಣ್ಣೆ, ಸೋಪು ಎಲ್ಲದರ ದುಡ್ಡು ಕೊಟ್ಟು ಎರಡು ಕೆಜಿ ತೊಗರಿಬೇಳೆಯದನ್ನು ಮಾತ್ರ ಉಳಿಸಿಕೊಂಡಿದ್ದ. ಮಗ ‘ಚಿಲ್ಲರೆ ಬಾಕಿ’ ಎಂದು ಮುಂದೆ ಓದಿದ. ಅಪ್ಪ ತಡೆದರು. ‘ಲೇ, ಅದು ಚಿಲ್ಲರೆ ಅಲ್ಲ. ಆ ಚೀಲದ ಬೇಳೆ ಬೆಂದಿಲ್ಲ ಅವರ ಮನ್ಯಾಗೆ. ಹೇಳಕ್ಕೆ ಸಂಕೋಚ ಅವ್ನಿಗೆ.’ ಅದೇ ಚೀಲದ ಬೇಳೆ ಮತ್ತೆ ಯಾರ್‍ಯಾರಿಗೆ ಹೋಗಿದೆ ಎಂದು ಪುಟ ತಿರುವಿಸಿದರು. ಆ ಸಾಲನ್ನು ಹೊಡೆದು ಹಾಕಿ, ಹುಡುಗನ ಕೈಯಲ್ಲಿ ಬೇರೆ ಬೇಳೆ ಕಳಿಸಿದರು.

ನನ್ನ ವಾದದ ತಿರುಳು ಇಷ್ಟೇ. ನಮ್ಮ ಪಠ್ಯದಲ್ಲಿ ಬಾಕಿ ಎಂಬುದು ಲೆಕ್ಕಶಾಸ್ತ್ರದ ವಿಷಯ. ವಸೂಲಾಗದ ಸಾಲ ಎಂದು ನಷ್ಟಕ್ಕೆ ಬರೆಯಲು ಕಲಿಸುತ್ತೇವೆ. ಟೀಕೆ ಎಂಬುದು ಮಾರುಕಟ್ಟೆ ಪತ್ರಿಕೆಯ ವಿಷಯ. ಅದನ್ನು ಕಲಿಸುವ ಮೇಷ್ಟ್ರು ಬೇರೆ, ಸೆಮಿಸ್ಟರ್ ಬೇರೆ. ತಡೆದಿಟ್ಟ ದುಡ್ಡು ಗ್ರಾಹಕನ ಮಾತೂ ಆಗಿರಬಹುದು ಎಂಬುದು ಈ ಎರಡು ಪತ್ರಿಕೆಗಳ ನಡುವೆ ಬಿದ್ದು ಕಳೆದುಹೋಯಿತು. ಹರ್ಷ್‌ಮನ್ನರ ಎರಡು ದಾರಿಗಳ ಪಕ್ಕದಲ್ಲಿ ನಮ್ಮೂರಿನ ಈ ಮೂರನೆಯದನ್ನು ಇಡಬೇಕು: ಹೋಗದೆ, ಮಾತಾಡದೆ, ದುಡ್ಡು ತಡೆದು ನಿಲ್ಲುವುದು.

ಆದರೆ ಇಲ್ಲಿಯೇ ನನ್ನನ್ನು ಇಷ್ಟು ವರ್ಷ ಬಿಡದೆ ಹಿಡಿದಿರುವ ಪ್ರಶ್ನೆ ಏಳುತ್ತದೆ. ಬಾಕಿ ಉಳಿದದ್ದು ಬಡತನದಿಂದಲೋ, ಅಸಮಾಧಾನದಿಂದಲೋ? ಜಗಳೂರು ಬರದ ಸೀಮೆ. ಅಲ್ಲಿ ಮಳೆ ಕೈಕೊಟ್ಟ ವರ್ಷ ಇಡೀ ಪುಸ್ತಕವೇ ಬಾಕಿ. ಅದನ್ನೆಲ್ಲ ಟೀಕೆ ಎಂದು ಓದುವವನು ಮೂರ್ಖ. ಭದ್ರಾ ನಾಲೆಯ ನೀರಿರುವ ಕಡೆ ಒಳ್ಳೆ ಭತ್ತ ಬಂದ ವರ್ಷವೂ ಒಂದೇ ಕಂಪನಿಯ ಔಷಧಿಯ ದುಡ್ಡು ನಿಂತಿದ್ದರೆ ಅದನ್ನು ಬಡತನ ಎಂದು ಬರೆದುಕೊಳ್ಳುವವನೂ ಜಾಣನಲ್ಲ. ಅನುಭವಸ್ಥ ವರ್ತಕರು ಒಂದು ಗುರುತು ಹೇಳುತ್ತಾರೆ: ದುಡ್ಡಿಲ್ಲದವನು ನಿಮ್ಮ ಅಂಗಡಿಯ ಬೀದಿ ತಪ್ಪಿಸಿ ಓಡಾಡುತ್ತಾನೆ, ಸಿಟ್ಟಿರುವವನು ಎದುರಿಗೇ ಬಂದು ನಮಸ್ಕಾರ ಹೇಳಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಚೆಂದದ ಗುರುತು. ಇಬ್ಬರೂ ಒಬ್ಬನೇ ಆಗಿದ್ದರೆ? ಬೀಜ ಹುಟ್ಟಲಿಲ್ಲ, ಅದಕ್ಕೇ ಬೆಳೆ ಇಲ್ಲ, ಅದಕ್ಕೇ ದುಡ್ಡಿಲ್ಲ. ಇಲ್ಲಿ ಬಡತನವೇ ದೂರು. ಇವೆರಡನ್ನೂ ಬೇರ್ಪಡಿಸುವ ವಿಧಾನ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

ಉದ್ರಿಯವನನ್ನು ಗ್ರಾಹಕನೆಂದು ಒಪ್ಪುವುದರಲ್ಲಿ ಕಾನೂನು ನಮಗಿಂತ ಮುಂದಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ದುಡ್ಡು ಕೊಟ್ಟವನ ಜೊತೆಗೆ ಕೊಡುತ್ತೇನೆಂದು ಮಾತು ಕೊಟ್ಟವನೂ ಗ್ರಾಹಕನೆಂದು ಬರೆದಿತ್ತು. 2020ರ ಜುಲೈ 20ರಿಂದ ಜಾರಿಯಾದ 2019ರ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ಉದ್ರಿಯವನೂ ಪೂರ್ಣ ಗ್ರಾಹಕ. ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್, ಕಳಪೆ ಬೀಜದಿಂದ ನಷ್ಟವಾದ ರೈತ ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಎಂದಿತು. ಪ್ರಮಾಣಿತ ಹೈಬ್ರಿಡ್ ಮೆಕ್ಕೆಜೋಳದ ಬೀಜ ನೂರಕ್ಕೆ 90 ಮೊಳೆಯಬೇಕೆಂಬ ಮಾನದಂಡವೂ ಇದೆ. 1915ಕ್ಕೆ ಫೋನು ಮಾಡಿದರೆ ಸಹಾಯವಾಣಿ ಸಿಗುತ್ತದೆ. ಇಷ್ಟಿದ್ದೂ ನಮ್ಮ ರೈತ ಚೀಲದ ಚೀಟಿಯನ್ನೂ ಬಿಲ್ಲನ್ನೂ ಇಟ್ಟುಕೊಳ್ಳುವುದಿಲ್ಲ. ನಮ್ಮಲ್ಲಿ ಅನೇಕ ಅಂಗಡಿಯವರು ಬಿಲ್ಲು ಕೊಡುವುದೇ ಇಲ್ಲ. ವರ್ತಕ ಬಂಧುಗಳು ಕ್ಷಮಿಸಬೇಕು: ಬಿಲ್ಲು ಕೊಡದಿರುವುದು ಈಗ ಅನುಚಿತ ವ್ಯಾಪಾರ ಪದ್ಧತಿ. ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಬೋರ್ಡನ್ನು ನೆಚ್ಚಿ ದೋಷವಿರುವ ಮಾಲನ್ನು ನಿರಾಕರಿಸುವುದೂ ಹಾಗೆಯೇ. ಬಿಲ್ಲಿನಲ್ಲಿ ಅವಧಿ ಬರೆಯದಿದ್ದರೆ ಅಂಥ ಮಾಲನ್ನು 30 ದಿನದೊಳಗೆ ವಾಪಸ್ ಪಡೆದು ಹಣ ಕೊಡಬೇಕು.

ಉದ್ರಿಯನ್ನು ಹೊಗಳುತ್ತಿದ್ದೇನೆ ಎಂದು ಯಾರೂ ತಿಳಿಯಬೇಡಿ. ಸಾಲ ಕೊಟ್ಟವನೇ ಬೆಳೆಯನ್ನೂ ಕೊಳ್ಳುವ ಕಡೆ ರೈತನ ಮೌನ ಬರೀ ಭಯ. ಅಂಥ ಅಂಗಡಿಯ ಪುಸ್ತಕದಲ್ಲಿ ಬಾಕಿಯೂ ಮಾತಾಡುವುದಿಲ್ಲ. ಬಡ್ಡಿ ಮಾತ್ರ ಮಾತಾಡುತ್ತದೆ. ನಾನು ಹೇಳುತ್ತಿರುವುದು ಇಬ್ಬರೂ ಒಬ್ಬರ ಮುಖ ಇನ್ನೊಬ್ಬರು ನೋಡಿ ಬದುಕುವ ಪೇಟೆಯ ಉದ್ರಿ.

ಅದೂ ಕರಗುತ್ತಿದೆ. ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ಮಾಡಲಾಗದ ಕೆಲಸವನ್ನು 2016ರಲ್ಲಿ ಬಂದ ಯುಪಿಐ ಮಾಡುತ್ತಿದೆ. ಗಲ್ಲಾ ಪೆಟ್ಟಿಗೆಯ ಮೇಲಿನ ಸೌಂಡ್‌ಬಾಕ್ಸ್ ‘ಹಣ ಬಂದಿದೆ’ ಎಂದು ಕೂಗುತ್ತದೆ. ಬೇಳೆ ಬೇಯುವ ಮೊದಲೇ ದುಡ್ಡು ಸಂದಾಯ. ವಸೂಲಿಯ ತಲೆನೋವು ಹೋಯಿತೆಂದು ವರ್ತಕರಿಗೆ ಸಂತೋಷ. ಅದರ ಜೊತೆಗೆ ಸಂಕೋಚದ ಗಿರಾಕಿಯ ಕೈಲಿದ್ದ ಒಂದೇ ಒಂದು ಹಿಡಿತವೂ ಹೋಯಿತು. ಇನ್ನು ಅವನಿಗೆ ಉಳಿದದ್ದು ಶಿವಮೊಗ್ಗದ ಬಸ್ಸು.

ವೈಶಿಷ್ಟ್ಯದ ಮಾತು ಇಲ್ಲಿಗೆ ಸೇರುತ್ತದೆ. ನಮ್ಮ ಜಿಲ್ಲೆಯ ಬೆಣ್ಣೆದೋಸೆಯನ್ನೇ ನೋಡಿ. 1928ರಲ್ಲಿ ಬೆಳಗಾವಿ ಸೀಮೆಯಿಂದ ದಾವಣಗೆರೆಗೆ ಬಂದ ಚೆನ್ನಮ್ಮ ಎಂಬ ತಾಯಿಯಿಂದ ಅದು ಶುರುವಾಯಿತು ಎನ್ನುತ್ತಾರೆ. ಇವತ್ತು ಆ ಹೆಸರಿನ ಬೋರ್ಡು ರಾಜ್ಯದ ತುಂಬ ಇದೆ. ಹೆಸರನ್ನೂ ಬೆಣ್ಣೆಯನ್ನೂ ಯಾರು ಬೇಕಾದರೂ ನಕಲು ಮಾಡಬಹುದು. ಸುಲಭಕ್ಕೆ ನಕಲಾಗದ್ದು ಯಾವುದು? ಬೆಂಗಳೂರಿನ ಎಂಟಿಆರ್‌ನಲ್ಲಿ ಯಜ್ಞನಾರಾಯಣ ಮಯ್ಯರು 1951ರ ಯುರೋಪ್ ಪ್ರವಾಸದಿಂದ ಬಂದಮೇಲೆ ಶುಚಿತ್ವಕ್ಕೆ ಹೊಸ ಶಿಸ್ತು ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಿಕೊಂಡು ಒಳಗೆ ಹೋಗುವ ಏರ್ಪಾಡು ಆ ಹೋಟೆಲಿನ ಹೆಗ್ಗುರುತಾಯಿತು. ತಪ್ಪು ಹುಡುಕುವ ಹಕ್ಕನ್ನು ಗ್ರಾಹಕನಿಗೆ ತಾನಾಗಿ ಕೊಡುವ ಅಂಗಡಿ ಎದ್ದು ಕಾಣುತ್ತದೆ. ಬೀದಿಯ ಉಳಿದ ಅಂಗಡಿಗಳಿಗೆ ಅದನ್ನು ಕೊಡುವ ಧೈರ್ಯ ಇರುವುದಿಲ್ಲ.

ಹಾಗಾಗಿ ವರ್ತಕರಲ್ಲಿ ಒಂದು ಕೋರಿಕೆ. ಖಾತೆ ಪುಸ್ತಕವಿರಲಿ, ಫೋನಿನ ಲೆಕ್ಕವಿರಲಿ, ಬಾಕಿಯ ಪಕ್ಕದಲ್ಲಿ ‘ಯಾಕೆ’ ಎಂಬ ಒಂದು ಕಲಂ ಹಾಕಿ. ನಗದು ಕೊಟ್ಟು ಹೋದವನನ್ನು ಮುಂದಿನ ಸಲ ಬಂದಾಗ ‘ಹೋದ ಸಲದ್ದು ಹೆಂಗಿತ್ತು’ ಎಂದು ನೀವೇ ಮೊದಲು ಕೇಳಿ. ಅವನಾಗಿ ಹೇಳಲಿ ಎಂದು ಕಾಯಬೇಡಿ, ಹೇಳುವುದಿಲ್ಲ.

ಅಧ್ಯಾಪಕ ಮಿತ್ರರಲ್ಲಿ ಇನ್ನೊಂದು. ಈ ಎರಡು ದಿನ ಯಾರು ಪ್ರಬಂಧ ಓದಿದರೂ ಒಂದೇ ಪ್ರಶ್ನೆ ಕೇಳಿ: ನೀವು ಮಾತಾಡಿಸಿದ ಗ್ರಾಹಕ ನಗದಿನವನೋ, ಉದ್ರಿಯವನೋ? ಅದನ್ನು ಬರೆದುಕೊಳ್ಳದ ಸಮೀಕ್ಷೆ ನಮ್ಮ ಪೇಟೆಗಳ ಬಗ್ಗೆ ಏನನ್ನೂ ಹೇಳಲಾರದು. ಪ್ರಶ್ನಾವಳಿಯನ್ನು ಪಕ್ಕಕ್ಕಿಟ್ಟು, ಅಂಗಡಿಯವರ ಒಪ್ಪಿಗೆ ಪಡೆದು, ವಿದ್ಯಾರ್ಥಿಗಳನ್ನು ಖಾತೆ ಪುಸ್ತಕದ ಮುಂದೆ ಕೂರಿಸಿ. ಬಡತನದ ಬಾಕಿಯನ್ನೂ ಬೇಸರದ ಬಾಕಿಯನ್ನೂ ಬೇರೆ ಮಾಡುವ ವಿಧಾನ ಹೊನ್ನಾಳಿಯ ಯಾರಾದರೂ ವಿದ್ಯಾರ್ಥಿ ಕಂಡುಹಿಡಿದರೆ ಅದು ಹರ್ಷ್‌ಮನ್ನರ ಪುಸ್ತಕಕ್ಕೆ ಸೇರಬೇಕಾದ ಅಧ್ಯಾಯವಾಗುತ್ತದೆ. ಆ ಕೆಲಸ ಈ ಸಭೆಯಿಂದಲೇ ಶುರುವಾಗಲಿ ಎಂದು ಹಾರೈಸಿ, ಈ ವಿಚಾರ ಸಂಕಿರಣ ಆರಂಭವಾಯಿತೆಂದು ಘೋಷಿಸುತ್ತೇನೆ.