ದೂರದರ್ಶಕಕ್ಕೊಂದು ರಟ್ಟಿನ ಮುಚ್ಚಳ



ಸಣ್ಣ ದೂರದರ್ಶಕ ಕೊಂಡ ಅನೇಕರು ನಾಲ್ಕೇ ದಿನಕ್ಕೆ ಅದನ್ನು ಅಟ್ಟಕ್ಕೆ ಸೇರಿಸುತ್ತಾರೆ. ಎಲ್ಲವೂ ಮಸುಕಾಗಿ ಕಾಣುತ್ತದೆ, ಮಸೂರವೇ ಸರಿಯಿಲ್ಲ ಎಂಬುದು ಅವರ ದೂರು. ಬಹಳ ಸಲ ಮಸೂರ ಚೆನ್ನಾಗಿಯೇ ಇರುತ್ತದೆ, ಫೋಕಸ್ ಕೂಡಿರುವುದಿಲ್ಲ. ನಮ್ಮ ಕಣ್ಣು, ಅದರಲ್ಲೂ ಎಳೆಯರ ಕಣ್ಣು, ಸಣ್ಣಪುಟ್ಟ ವ್ಯತ್ಯಾಸವನ್ನು ತಾನೇ ಸರಿದೂಗಿಸಿಕೊಳ್ಳುವುದರಿಂದ ಫೋಕಸ್ ತಪ್ಪಿದ್ದು ಗೊತ್ತಾಗುವುದೂ ಕಷ್ಟ. ಕ್ಯಾಮೆರಾ ಜೋಡಿಸಿದಾಗ ಗುಟ್ಟು ರಟ್ಟಾಗುತ್ತದೆ.

ಪರಿಹಾರಕ್ಕೆ ಒಂದು ದಪ್ಪ ರಟ್ಟು ಸಾಕು. ಕೊಳವೆಯ ಬಾಯಿಗೆ ಬಿಗಿಯಾಗಿ ಕೂರುವ ಮುಚ್ಚಳ ಮಾಡಿ, ಅಂಚಿನ ಸಮೀಪ ಎದುರುಬದುರಾಗಿ ಎರಡು ತೂತು ಕೊರೆಯಿರಿ. ಬಾಯಿ 100 ಮಿ.ಮೀ. ಇದ್ದರೆ ತೂತು 25 ಮಿ.ಮೀ. ಇರಲಿ. ಬೇರೆಲ್ಲೂ ಬೆಳಕು ನುಸುಳಬಾರದು. ಈಗ ಲುಬ್ಧಕದಂತಹ ಉಜ್ವಲ ನಕ್ಷತ್ರವನ್ನು ನೋಡಿ. ಫೋಕಸ್ ತಪ್ಪಿದ್ದರೆ ಒಂದು ನಕ್ಷತ್ರ ಎರಡಾಗಿ ಕಾಣುತ್ತದೆ. ಎರಡು ತೂತುಗಳ ಬೆಳಕು ಒಂದೇ ಕಡೆ ಸೇರುವುದು ಸಂಗಮ ಬಿಂದುವಿನಲ್ಲಿ ಮಾತ್ರ. ಫೋಕಸ್ ತಿರುಪು ತಿರುಗಿಸುತ್ತಾ ಹೋಗಿ, ಎರಡೂ ಒಂದಾದಲ್ಲಿ ನಿಲ್ಲಿಸಿ. ಅಷ್ಟೇ! 1619ರಷ್ಟು ಹಿಂದೆಯೇ ಕ್ರಿಸ್ಟೋಫ್ ಷೈನರ್ ಇದೇ ಉಪಾಯದಿಂದ ಕಣ್ಣನ್ನು ಪರೀಕ್ಷಿಸಿದ್ದರು. ಮುಂದೆ ಯೊಹಾನೆಸ್ ಹಾರ್ಟ್‌ಮನ್ ಹಲವು ತೂತುಗಳ ತಟ್ಟೆಯಿಂದ ದೊಡ್ಡ ಮಸೂರಗಳನ್ನು ಪರೀಕ್ಷಿಸಿದರು. ಅವರ ಹೆಸರೇ ಈ ಮುಚ್ಚಳಕ್ಕೆ ಉಳಿದಿದೆ.

ಫೋಟೋ ತೆಗೆಯುವವರಿಗೆ ಇನ್ನೂ ನಿಖರವಾದುದು ಬೇಕು. 2005ರಲ್ಲಿ ರಷ್ಯಾದ ಹವ್ಯಾಸಿ ಪಾವೆಲ್ ಬಖ್ತಿನೋವ್ ತೂತುಗಳ ಬದಲು ಸೀಳುಗಳ ಮುಚ್ಚಳ ರೂಪಿಸಿದರು. ಅರ್ಧ ಭಾಗದಲ್ಲಿ ಅಡ್ಡ ಸೀಳುಗಳು. ಉಳಿದ ಎರಡು ಕಾಲುಭಾಗಗಳಲ್ಲಿ ಅದಕ್ಕೆ ಸುಮಾರು 20 ಡಿಗ್ರಿ ಓರೆ, ಒಂದರಲ್ಲಿ ಮೇಲಕ್ಕೆ, ಇನ್ನೊಂದರಲ್ಲಿ ಕೆಳಕ್ಕೆ. ಸಂಗಮ ದೂರ 900 ಮಿ.ಮೀ. ಇದ್ದರೆ ಸೀಳು 3, ನಡುವಿನ ಪಟ್ಟಿ 3 ಮಿ.ಮೀ. ಸರಿಹೋಗುತ್ತದೆ. ನಕ್ಷತ್ರದಿಂದ ಗುಣಾಕಾರ ಚಿಹ್ನೆಯಂತೆ ಎರಡು ಗೆರೆಗಳು, ಜೊತೆಗೆ ಮೂರನೆಯದೊಂದು ಗೆರೆ ಹೊಮ್ಮುತ್ತವೆ. ಮೂರನೆಯದು ಸರಿಯಾಗಿ ನಡುವೆ ಹಾದುಹೋದರೆ ಫೋಕಸ್ ಕೂಡಿತು. ಆದರೆ ಕೈಯಿಂದ ಕತ್ತರಿಸಲು ತಾಳ್ಮೆ ಬೇಕು. ಮೊದಲು ಎರಡು ತೂತಿನದನ್ನೇ ಮಾಡಿ ಎಂದು ನನ್ನ ಸಲಹೆ.

ಒಂದು ಎಚ್ಚರಿಕೆ. ಇದು ಸೂರ್ಯನನ್ನು ನೋಡುವ ಸಾಧನವಲ್ಲ. ಈ ಮುಚ್ಚಳ ಹಾಕಿ ಸೂರ್ಯನತ್ತ ತಿರುಗಿಸಿದರೆ ಕಣ್ಣೇ ಹೋದೀತು. ಫೋಕಸ್ ಕೂಡಿದ ಮೇಲೆ ಮುಚ್ಚಳ ತೆಗೆದಿಟ್ಟು ನಂತರ ಗ್ರಹಗಳತ್ತ ತಿರುಗಿಸಿ. ಒಬ್ಬರ ಕಣ್ಣಿಗೆ ಹೊಂದಿಸಿದ್ದು ಕನ್ನಡಕ ತೆಗೆದಿಟ್ಟು ನೋಡುವ ಇನ್ನೊಬ್ಬರಿಗೆ ಹೊಂದುವುದಿಲ್ಲ. ರಾತ್ರಿ ತಂಪೇರಿದಂತೆ ಕೊಳವೆಯೂ ಕುಗ್ಗಿ ಫೋಕಸ್ ಸರಿಯುತ್ತದೆ. ಗಂಟೆಗೊಮ್ಮೆಯಾದರೂ ಮುಚ್ಚಳ ಹಾಕಿ ನೋಡಿಕೊಳ್ಳಿ.