ಧಣಿಯ ಮಾತು, ಮಸ್ಟರಿನ ಹೆಸರು

(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಕೆಲಸ ಕೊಟ್ಟ ಧಣಿಗಳನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಿದ್ದಾರೆ. ನಾನು ಸಾಹಿತಿಯಲ್ಲ, ನಾಲ್ಕು ದಶಕಕ್ಕೂ ಮಿಕ್ಕಿ ಮೋಟಾರಿನ ವೈಂಡಿಂಗ್ ಮತ್ತು ವಯರಿಂಗ್ ಕೆಲಸ ಮಾಡಿದವನು. ಮೂವರು ಧಣಿಗಳ ಕೈಕೆಳಗೆ ದುಡಿದೆ. ಯಾರ ಹೆಸರನ್ನೂ ಹೇಳುವುದಿಲ್ಲ. ಅವರಲ್ಲಿ ಇಬ್ಬರು ಇಂದು ಇಲ್ಲ, ಮೂರನೆಯವರಿಗೆ ಉತ್ತರ ಕೊಡಲು ಇಲ್ಲಿ ಅವಕಾಶವಿಲ್ಲ.

ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕಾರ್ಕಳದ ಕಡೆಯಿಂದ 1972ರಲ್ಲಿ ಮುಂಬಯಿಗೆ ಬಂದಾಗ ನನಗೆ ಹದಿನಾಲ್ಕು. ನಮ್ಮ ಊರಿನ ಎಷ್ಟೋ ಹುಡುಗರಂತೆ ನಾನೂ ಹೋಟೆಲಿನಲ್ಲಿ ಮೇಜು ಒರೆಸಿದೆ, ಅಡುಗೆಮನೆಯ ಅಟ್ಟದ ಮೇಲೆ ಮಲಗಿದೆ. ಆ ಧಣಿಗಳ ಒಂದು ಗುಣವನ್ನು ಮಾತ್ರ ಹೇಳುತ್ತೇನೆ. ಸಂಜೆ ಏಳು ಗಂಟೆಯೆಂದರೆ ಗಿರಾಕಿ ತುಂಬುವ ಹೊತ್ತು. ಆ ಹೊತ್ತಿಗೆ ರಾತ್ರಿ ಶಾಲೆಗೆ ಹೋಗುವ ಮೂವರು ಹುಡುಗರನ್ನು ಅವರು ತಡೆಯದೆ ಕಳುಹಿಸುತ್ತಿದ್ದರು. ತಾವೇ ಗಲ್ಲಾ ಬಿಟ್ಟು ತಟ್ಟೆ ಎತ್ತುತ್ತಿದ್ದರು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಚರಿತ್ರೆಯಲ್ಲಿ ಅಧ್ಯಾಪಕರ ತ್ಯಾಗವನ್ನು ಬರೆದಿದ್ದಾರೆ. ಹೀಗೆ ಗಂಟೆ ಬಿಟ್ಟುಕೊಟ್ಟವರನ್ನೂ ಯಾರಾದರೂ ಬರೆಯಬೇಕಿತ್ತು.

1975ರಲ್ಲಿ ಲೋವರ್ ಪರೇಲಿನ ವೈಂಡಿಂಗ್ ಕಾರ್ಖಾನೆಯೊಂದಕ್ಕೆ ಸೇರಿದೆ. ಗಿರಣಿಗಳ ಸುಟ್ಟ ಮೋಟಾರುಗಳೇ ನಮ್ಮ ಅನ್ನ. ಸುಟ್ಟ ಸುರುಳಿಯನ್ನು ಕತ್ತರಿಸುವಾಗ ಸುತ್ತುಗಳನ್ನು ಒಂದೊಂದಾಗಿ ಎಣಿಸಬೇಕು, ತಂತಿಯ ಗೇಜು ಅಳೆದು ಬರೆದಿಡಬೇಕು. ಬಳಿಕ ಗಾಡಿಗೆ ನಿರೋಧಕ ಕಾಗದ ಹಾಕಿ, ಹೊಸ ತಂತಿ ಕೂರಿಸಿ, ಬಿದಿರಿನ ಚಕ್ಕೆ ಬಡಿದು, ವಾರ್ನಿಶಿನಲ್ಲಿ ತೋಯಿಸಿ ಬಿಸಿಗೆ ಇಡಬೇಕು. ಎಣಿಕೆ ತಪ್ಪಿದರೆ ಮೋಟಾರು ಮತ್ತೆ ಸುಡುತ್ತದೆ. ಈ ವಿದ್ಯೆಯನ್ನೆಲ್ಲ ನಾನು ಕಲಿತದ್ದು ಅಲ್ಲಿಯೇ.

ಅಲ್ಲಿನ ಧಣಿಗಳು ನಮ್ಮ ಭಾಷೆಯವರು. 'ಮಗಾ' ಎಂದಲ್ಲದೆ ಕರೆದವರಲ್ಲ. ದೀಪಾವಳಿಗೆ ಅಂಗಿಬಟ್ಟೆ, ಊರಿಗೆ ಹೊರಟರೆ ಬಸ್ಸಿನ ಖರ್ಚು. ಆದರೆ ಇಪ್ಪತ್ತಾರು ಜನ ದುಡಿಯುತ್ತಿದ್ದ ಆ ಕಾರ್ಖಾನೆಯ ಮಸ್ಟರಿನಲ್ಲಿ ಹತ್ತೊಂಬತ್ತೇ ಹೆಸರುಗಳಿದ್ದವು. ಇಪ್ಪತ್ತಾದರೆ ಪ್ರಾವಿಡೆಂಟ್ ಫಂಡ್ ಕಟ್ಟಬೇಕು. ವಿದ್ಯುತ್ತಿನಿಂದ ನಡೆಯುವ ಕಾರ್ಖಾನೆಯಾದ್ದರಿಂದ ಆಗಿನ ಕಾನೂನಿನಂತೆ ಇ.ಎಸ್.ಐ. ಕೂಡ ಬರುತ್ತದೆ. ಆ ಹತ್ತೊಂಬತ್ತು ಹೆಸರುಗಳನ್ನೂ ಹನ್ನೊಂದು ತಿಂಗಳಿಗೊಮ್ಮೆ ಬದಲಿಸುತ್ತಿದ್ದರು.

1981ರಲ್ಲಿ ಗಿರಣಿಯೊಂದರಲ್ಲಿ ಮೋಟಾರು ಪರೀಕ್ಷಿಸುತ್ತಿದ್ದಾಗ ಯಾರೋ ಸ್ವಿಚ್ಚು ಹಾಕಿದರು. ಘಟ್ಟದ ಮೇಲಿನಿಂದ ಬಂದಿದ್ದ ನಮ್ಮ ಹೆಲ್ಪರ್ ಹುಡುಗನ ಬಲಗೈಯ ಎರಡು ಬೆರಳು ಹೋದವು. ಆಸ್ಪತ್ರೆಯ ಬಿಲ್ಲನ್ನು ಧಣಿಗಳೇ ತೆತ್ತರು, ಎರಡು ರಾತ್ರಿ ಅವನ ಮಂಚದ ಬಳಿ ಕುಳಿತರು. ಅದನ್ನು ಮರೆಮಾಚುವುದು ಅನ್ಯಾಯ. ಆದರೆ ಇ.ಎಸ್.ಐ.ಯಲ್ಲಿ ಹೆಸರಿದ್ದರೆ ಅಂಗಹೀನತೆಗೆ ಜೀವನಪರ್ಯಂತ ಬರಬಹುದಾಗಿದ್ದ ಮಾಸಾಶನ ಅವನಿಗೆ ಬರಲಿಲ್ಲ. ಬಲಗೈ ಹಿಡಿತ ತಪ್ಪಿದ ವೈಂಡರನ ಮುಂದಿನ ಮೂವತ್ತು ವರ್ಷಗಳ ಎದುರಿಗೆ ಎರಡು ರಾತ್ರಿ ಎಷ್ಟರ ತೂಕ?

1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಗಿರಣಿ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರ ಕಥೆಯನ್ನು ನೀವು ಬಲ್ಲಿರಿ. ಗಿರಣಿ ನಿಂತರೆ ಮೋಟಾರು ಸುಡುವುದಿಲ್ಲ. ನಮ್ಮ ಕಾರ್ಖಾನೆಯೂ ಮುಚ್ಚಿತು. ಧಣಿಗಳು ಕಣ್ಣೀರಿಟ್ಟು ಕೈಮುಗಿದರು. ಏಳು ವರ್ಷ ದುಡಿದಿದ್ದ ನಮಗೆ 1972ರ ಕಾಯಿದೆಯಂತೆ ಗ್ರಾಚ್ಯುಯಿಟಿ ಸಲ್ಲಬೇಕಿತ್ತು. ಕಾಗದದಲ್ಲಿ ನಮ್ಮಲ್ಲಿ ಒಬ್ಬನೂ ಒಂದು ವರ್ಷವನ್ನೇ ತುಂಬಿರಲಿಲ್ಲ.

ಮೂರನೆಯವರ ಬಳಿಗೆ, ಅಂಧೇರಿಗೆ, 1983ರಲ್ಲಿ ಹೋದೆ. ಕನ್ನಡದ ಒಂದಕ್ಷರ ಬಾರದವರು, ಬಾಯಿಯಂತೂ ಗಟಾರ. ಹತ್ತು ನಿಮಿಷ ತಡವಾದರೆ ಅರ್ಧ ಗಂಟೆಯ ಕೂಲಿ ಕಡಿತ. ಹಬ್ಬಕ್ಕೆ ಒಂದು ಪೇಡೆಯನ್ನೂ ಕಂಡವರಿಲ್ಲ. ಆದರೆ ಅವರದೊಂದು ನಿಯಮವಿತ್ತು: ಯಂತ್ರಕ್ಕೆ ಕೈಹಾಕುವ ಮೊದಲು ಮೂರೂ ಕಿಟ್‌ಕ್ಯಾಟ್ ಫ್ಯೂಸುಗಳನ್ನು ಕಿತ್ತು, ಕೆಲಸ ಮಾಡುವವನೇ ತನ್ನ ಕಿಸೆಯಲ್ಲಿಟ್ಟುಕೊಳ್ಳಬೇಕು. ಕಿಸೆ ಖಾಲಿಯಿದ್ದವನನ್ನು ಆ ದಿನ ಮನೆಗೆ ಕಳುಹಿಸುತ್ತಿದ್ದರು. ಸೇರಿದ ತಿಂಗಳಿಂದಲೇ ಪ್ರಾವಿಡೆಂಟ್ ಫಂಡ್, ವರ್ಷಕ್ಕೊಮ್ಮೆ ಅದರ ಚೀಟಿ. ವೈರ್‌ಮನ್ ಪರ್ಮಿಟ್ಟಿಗೆ ಅನುಭವಪತ್ರ ಬೇಕಾದಾಗ ಬೈದುಕೊಂಡೇ ಸಹಿ ಹಾಕಿದರು. ನಾನು 2016ರವರೆಗೆ ಅಲ್ಲಿಯೇ ಇದ್ದೆ. 1995ರ ಪಿಂಚಣಿ ಯೋಜನೆಗೆ ಹತ್ತು ವರ್ಷದ ಸೇವೆ ಬೇಕು. ಇಂದು ತಿಂಗಳಿಗೊಮ್ಮೆ ಬ್ಯಾಂಕಿಗೆ ಬರುವ ಅಲ್ಪ ಮೊತ್ತ ಆ ಬೈಗುಳದ ಮನುಷ್ಯನ ಮಸ್ಟರಿನಿಂದ ಬಂದದ್ದು.

ಬೈಗುಳವನ್ನು ನಾನು ಸಮರ್ಥಿಸುತ್ತಿಲ್ಲ. ಅದು ಮನುಷ್ಯನನ್ನು ಕುಗ್ಗಿಸುತ್ತದೆ. ನನ್ನ ಜೊತೆಯವರಿಬ್ಬರು ಅದನ್ನು ತಾಳದೆ ಬಿಟ್ಟುಹೋದರು. ನನಗೆ ಹೇಳಬೇಕಾದದ್ದು ನಮ್ಮ ಸಂಘಗಳ ಬಗ್ಗೆ. ಸ್ಮರಣ ಸಂಚಿಕೆಗೆ ಜಾಹೀರಾತು ಕೊಟ್ಟ ಉದ್ಯಮಿಗೆ ನಾವು ಶಾಲು ಹೊದಿಸುತ್ತೇವೆ. ನಿಮ್ಮಲ್ಲಿ ಎಷ್ಟು ಜನ ದುಡಿಯುತ್ತಾರೆ, ಮಸ್ಟರಿನಲ್ಲಿ ಎಷ್ಟು ಹೆಸರಿದೆ ಎಂದು ಯಾವ ಕನ್ನಡ ಸಂಘ ಕೇಳಿದೆ? ಭಾಷಾಬಾಂಧವ್ಯ ಎಂಬ ಮಾತು ಕೂಲಿಯ ಲೆಕ್ಕವನ್ನು ಮುಚ್ಚುವ ಬಟ್ಟೆಯಾಗಬಾರದು. ಈ ಸಭಾಂಗಣಕ್ಕೆ ದಾನ ಕೊಟ್ಟ ಹಿರಿಯರು ಮುಂದಿನ ಸಾಲಿನಲ್ಲಿದ್ದಾರೆ. ಅವರ ಎದುರಿಗೇ ಹೇಳುವುದು ಸೌಜನ್ಯವೆಂದು ಭಾವಿಸಿದ್ದೇನೆ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಬಗ್ಗೆ ಕಾರ್ಮಿಕ ಸಂಘಟನೆಗಳಿಗೆ ದೊಡ್ಡ ಆಕ್ಷೇಪಗಳಿವೆ. ಆ ಚರ್ಚೆ ಬೇರೆ. ಹತ್ತು ಮತ್ತು ಹೆಚ್ಚು ಜನ ದುಡಿಯುವಲ್ಲಿ ನೇಮಕಾತಿ ಪತ್ರ ಕೊಡಬೇಕೆಂಬ ಅಂಶ ಮಾತ್ರ ನಮ್ಮ ಹುಡುಗರಿಗೆ ತಿಳಿಯಬೇಕು. ಗ್ರಾಚ್ಯುಯಿಟಿಯ ಲೆಕ್ಕವೂ ತಿಳಿಯಬೇಕು: ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು. ಸಂಬಳ 13,000 ರೂಪಾಯಿ, ಸೇವೆ 12 ವರ್ಷವಾದರೆ 90,000 ರೂಪಾಯಿ. ಇಷ್ಟು ಗಣಿತ ಬಾರದೆ ಐದು ಸಾವಿರಕ್ಕೆ ಹೆಬ್ಬೆಟ್ಟೊತ್ತಿ ಊರಿಗೆ ಹೋದವರನ್ನು ನಾನು ಬಲ್ಲೆ.

ಆದ್ದರಿಂದ ಕಾರ್ಯಕಾರಿ ಸಮಿತಿಯಲ್ಲಿ ನನ್ನದೊಂದು ಬೇಡಿಕೆ. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಗ್ಗೆ ವಾಚನಾಲಯದ ಕೋಣೆಯಲ್ಲಿ ಎರಡು ಮೇಜು ಬಿಟ್ಟುಕೊಡಿ. ಫಾರ್ಮು ತುಂಬಲು ಬ್ಯಾಂಕಿನಿಂದ ನಿವೃತ್ತರಾದ ಸದಸ್ಯರು ಒಪ್ಪಿದ್ದಾರೆ. ನಾನೂ ಬರುತ್ತೇನೆ. ಬರುವ ಹುಡುಗರು ಪ್ರಾವಿಡೆಂಟ್ ಫಂಡಿನ ಪಾಸ್‌ಬುಕ್ಕನ್ನೂ, ಕೈಯಲ್ಲಿರುವಷ್ಟು ಸಂಬಳದ ಚೀಟಿಗಳನ್ನೂ ತರಲಿ. ಏನೂ ಇಲ್ಲದವರು ಬರಿಗೈಯಲ್ಲಿಯೇ ಬರಲಿ.